ಚಂದಾ ಕೊಟ್ಟ ಮೇಲೆ

ವಿದ್ಯಾರ್ಥಿನಿಲಯಕ್ಕೋ ಅನಾಥಾಲಯಕ್ಕೋ ವರುಷಕ್ಕೊಮ್ಮೆ ಚಂದಾ ಕೊಟ್ಟು ರಸೀದಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಗೃಹಸ್ಥನ ಕರ್ತವ್ಯವು ಮುಗಿಯಿತೆಂದು ಅನೇಕರು ಭಾವಿಸುವರು. ಹಣವಿಲ್ಲದೆ ಸಂಸ್ಥೆಯು ನಡೆಯದೆಂಬುದು ದಿಟ. ಆದರೆ ಹಣವೊಂದರಿಂದಲೇ ನಡೆದ ಸಂಸ್ಥೆಯನ್ನು ನಾವಂತೂ ಕಂಡಿಲ್ಲ.

ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರ (1859–1928) ಚರಿತ್ರೆಯನ್ನು ನೋಡಬಹುದು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಮಕ್ಕಳಿಗಾಗಿ ಅವರು ಶಾಲೆಯನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಅಧಿಕಾರಿಯಾಗಿ ಮೋಟಾರಿನಲ್ಲಿ ಹೋಗುವಾಗ ಅದರ ಧೂಳು ತಮ್ಮ ತಲೆಗೆ ತಗಲಿದರೆ ಜನ್ಮವು ಸಾರ್ಥಕವೆಂಬುದು ಅವರ ಆಸೆಯಾಗಿತ್ತು. ಕೊಡುವವನು ಮೇಲು, ಪಡೆಯುವವನು ಕೀಳು ಎಂಬ ಭಾವನೆಗೆ ಇದಕ್ಕಿಂತ ತಕ್ಕ ಉತ್ತರವುಂಟೆ?

“ಈಗ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ, ಸರಕಾರದ ಹಾಸ್ಟೆಲುಗಳಿವೆ. ಇನ್ನು ನಿಮಗೇನು ಕೆಲಸ?” ಎಂದು ನೆರೆಮನೆಯ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಪೌರಕಾರ್ಮಿಕರ ಮಕ್ಕಳಿಗಾಗಿ ನಮ್ಮ ಬಡಾವಣೆಯಲ್ಲಿ ಸಂಜೆಯ ಪಾಠಶಾಲೆಯೊಂದುಂಟು. ವಾರಕ್ಕೆರಡು ದಿನ ನಾವು ಅಲ್ಲಿ ಲೆಕ್ಕ ಹೇಳಿಕೊಡುತ್ತೇವೆ. ಆ ಮಕ್ಕಳು ನಮ್ಮಲ್ಲಿ ದುಡ್ಡು ಕೇಳಿದವರಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನು ಹೇಗೆ ತುಂಬಬೇಕು, ಹತ್ತನೆಯ ತರಗತಿಯ ತರುವಾಯ ಏನು ಓದಬೇಕು—ಇವೇ ಅವರ ಪ್ರಶ್ನೆಗಳು. ನಮ್ಮ ಮಕ್ಕಳು ಇವನ್ನೆಲ್ಲ ಜಗಲಿಯ ಮೇಲೆ ಹಿರಿಯರಾಡುವ ಮಾತಿನಿಂದಲೇ ತಿಳಿಯುತ್ತಾರೆ. ಮನೆಯಲ್ಲಿ ಮೊದಲು ಅಕ್ಷರ ಕಲಿತ ಮಗುವಿಗೆ ಅಂಥ ಜಗಲಿಯನ್ನು ಯಾವ ಇಲಾಖೆಯು ಕಟ್ಟಿಕೊಟ್ಟೀತು?

ಇನ್ನೊಂದು ಮಾತು. ಐದು ಗಂಟೆಯ ಪಾಠಕ್ಕೆ ಮಕ್ಕಳು ಬಾರದಿರಲು, ಅವರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಮಂಡಳಿಯ ಕೆಲವರು ತೀರ್ಮಾನಿಸಿದ್ದರು. ಬಳಿಕ ತಾಯಂದಿರಿಬ್ಬರನ್ನು ಮಂಡಳಿಗೆ ಸೇರಿಸಿಕೊಳ್ಳಲಾಯಿತು. ಅವರಲ್ಲೊಬ್ಬಾಕೆ, “ನಮ್ಮ ಕೇರಿಯ ನಲ್ಲಿಯಲ್ಲಿ ನೀರು ಬರೋದೇ ಐದಕ್ಕೆ, ಸ್ವಾಮಿ. ಮಕ್ಕಳು ಕೊಡ ಹಿಡಿದು ನಿಂತಿರ್ತಾವೆ” ಎಂದಳು. ಪಾಠವನ್ನು ಏಳು ಗಂಟೆಗೆ ಬದಲಾಯಿಸಿದೆವು; ಚಾಪೆ ಸಾಲದಾಯಿತು.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿಯಿಷ್ಟೆ: ಚಂದಾ ಕೊಡಿರಿ, ಅದರೊಡನೆ ವಾರಕ್ಕೊಂದು ಗಂಟೆಯನ್ನೂ ಕೊಡಿರಿ. ಸಂಸ್ಥೆಯು ಯಾರಿಗಾಗಿ ಹುಟ್ಟಿತೋ ಅವರಿಗೆ ಅದರ ಸಭೆಯಲ್ಲಿ ಮಣೆಯುಂಟೆ ಎಂಬುದನ್ನು ಮೊದಲು ವಿಚಾರಿಸಿರಿ.