ಕಲ್ಲುದೋಣಿಯಲ್ಲೊಂದು ಹಡಗು

ರಾಯಬಾಗ ತಾಲೂಕಿನ ಮುಗಳಖೋಡದ ಕಡೆ ‘ದೋಣಿ’ ಎಂದರೆ ಎತ್ತುಗಳು ನೀರು ಕುಡಿಯುವ ಕಲ್ಲಿನ ತೊಟ್ಟಿ. ಸಮುದ್ರ ನೋಡಬೇಕೆಂದರೆ ಬೆಳಗಾವಿ ದಾಟಿ, ಘಟ್ಟ ಇಳಿದು ಗೋವೆಗೋ ಕಾರವಾರಕ್ಕೋ ಹೋಗಬೇಕು. ಇಂಥ ಊರಿನ ತೋಟದ ಮನೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಾಯಿಹಡಗು ಕಟ್ಟಲು ಕುಳಿತನೆಂದರೆ ಮನೆಯವರು ನಕ್ಕದ್ದರಲ್ಲಿ ಆಶ್ಚರ್ಯವಿಲ್ಲ. ಅಪ್ಪ ಮಾತ್ರ ನಗಲಿಲ್ಲ. “ಗಣಿತದಾಗ ಮೂವತ್ತೊಂದು ತಗೊಂಡಾನ. ಹಡಗ ಕಟ್ಟತಾನಂತ ಹಡಗ!” ಎಂದು ಕಬ್ಬಿನ ಗದ್ದೆಯ ಕಡೆಗೆ ನಡೆದುಬಿಟ್ಟ.

ಹುಡುಗನಿಗೆ ಈ ಹುಚ್ಚು ಹಿಡಿಸಿದ್ದು ಪತ್ರಿಕೆಯಲ್ಲಿ ಬಂದ ಒಂದು ಚಿತ್ರ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅದು ಉಕ್ಕಿನ ಹಡಗಲ್ಲ, ಮರದ್ದು. ಅದರ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಐದನೆಯ ಶತಮಾನದ್ದೆನ್ನಲಾದ ಅಜಂತಾ ಗುಹೆಯ ಚಿತ್ರವೊಂದರಲ್ಲಿರುವ ಹಡಗೇ ಇದಕ್ಕೆ ಮೂಲ. ಅಂಥ ಹಡಗಿನ ನಕ್ಷೆಯಾಗಲಿ ಅವಶೇಷವಾಗಲಿ ಎಲ್ಲೂ ಉಳಿದಿರಲಿಲ್ಲ. ಗೋಡೆಯ ಮೇಲಿನ ಚಿತ್ರವನ್ನು ನೋಡಿ ಗೋವೆಯಲ್ಲಿ ಕೇರಳದ ಕುಶಲಕರ್ಮಿಗಳು ಅದನ್ನು ಕಟ್ಟಿದರು. ಮುಂಭಾಗದಲ್ಲಿ ಸಿಂಹ ಯಾಳಿಯ ಕೆತ್ತನೆಯಿದೆ. ಹಾಯಿಯ ಮೇಲೆ ಸೂರ್ಯನ ಜೊತೆ ನಮ್ಮ ನಾಡಿನ ಲಾಂಛನವಾದ ಗಂಡಭೇರುಂಡವೂ ಇದೆ.

ಹುಡುಗನ ಕಣ್ಣು ಅಂಟಿಕೊಂಡದ್ದು ಆ ಸಿಂಹಕ್ಕೆ.

ಮಾದರಿ ಕಟ್ಟುವವರು ಎಲ್ಲಕ್ಕಿಂತ ಮೊದಲು ಅಳತೆಯನ್ನು ಗೊತ್ತುಮಾಡಿಕೊಳ್ಳಬೇಕು. ಕೌಂಡಿನ್ಯದ ಉದ್ದ ಸುಮಾರು 19.6 ಮೀಟರ್, ಅಗಲ 6.5 ಮೀಟರ್. ಹುಡುಗ 40ಕ್ಕೆ 1ರ ಪ್ರಮಾಣ ಹಿಡಿದ. ಆಗ ಹಡಗಿನ ಉದ್ದ 49 ಸೆಂಟಿಮೀಟರ್, ಅಗಲ ಸುಮಾರು 16 ಸೆಂಟಿಮೀಟರ್ ಆಗುತ್ತದೆ. 160 ಸೆಂಟಿಮೀಟರ್ ಎತ್ತರದ ನಾವಿಕ 4 ಸೆಂಟಿಮೀಟರಿನ ಗೊಂಬೆಯಾಗುತ್ತಾನೆ. ಹೆಬ್ಬೆರಳಿಗಿಂತ ದಪ್ಪನೆಯ, 4 ಸೆಂಟಿಮೀಟರಿನ ಹಗ್ಗ ಒಂದು ಮಿಲಿಮೀಟರಿನ ದಾರವಾಗುತ್ತದೆ. ಹಾಗಾಗಿ ನಿಜವಾದ ಹಡಗಿಗೆ ನಾರಿನ ಹಗ್ಗ ಬಳಸಿದ್ದಾರೆಂದು ಮಾದರಿಗೂ ಅದನ್ನೇ ಬಳಸಿದರೆ ಕೆಲಸ ಕೆಟ್ಟಿತು. ಹುಡುಗ ಅವ್ವನ ಹೊಲಿಗೆಯ ದಾರವನ್ನು ಚಹಾದ ಕಪ್ಪು ನೀರಿನಲ್ಲಿ ನೆನೆಸಿ ನಾರಿನ ಬಣ್ಣ ಬರಿಸಿಕೊಂಡ. ಗಣಿತದಲ್ಲಿ ಮೂವತ್ತೊಂದು ಬಂದವನ ರಫ್ ವಹಿಯ ನಾಲ್ಕು ಪುಟ ನಲವತ್ತರ ಭಾಗಾಕಾರದಿಂದ ತುಂಬಿತು. ಅದನ್ನು ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಲಗೆ ಬಾಗಿಸುವುದು ಎರಡನೆಯ ತೊಡಕು. ಒಣಗಿದ ಪಟ್ಟಿಯನ್ನು ಬಾಗಿಸಿದರೆ ‘ಟಪ್’ ಎಂದು ಮುರಿಯುತ್ತದೆ. ಕಟ್ಟಿಗೆಯ ಎಳೆಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಬಿಗಿಯುತ್ತದೆ. ಹುಡುಗ ಎರಡು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಜಳಕದ ನೀರಿನ ಹಂಡೆಯಲ್ಲಿ ಕುದಿಸಿ, ಕೊಡದ ಹೊಟ್ಟೆಗೆ ಸುತ್ತಿ, ದಾರ ಬಿಗಿದು ರಾತ್ರಿಯಿಡೀ ಬಿಟ್ಟ. ಬೆಳಿಗ್ಗೆ ಅವು ಕೊಡದ ಡೊಂಕನ್ನೇ ಹಿಡಿದು ನಿಂತಿದ್ದವು. ಜಳಕದ ನೀರು ಕಂದುಬಣ್ಣಕ್ಕೆ ತಿರುಗಿದ್ದಕ್ಕೆ ಅವ್ವನಿಂದ ಬೈಗುಳವೂ ಸಿಕ್ಕಿತು.

ಆಮೇಲೆ ಸಿಂಹದ ಸರದಿ. ಎರಡೂವರೆ ಸೆಂಟಿಮೀಟರಿನ ತುಂಡಿನಲ್ಲಿ ಕಣ್ಣು, ಕೋರೆಹಲ್ಲು, ಕೇಸರ ಎಲ್ಲವೂ ಬರಬೇಕು. ಮೊದಲು ಸಾಗವಾನಿಯಲ್ಲಿ ಕೆತ್ತಿದ. ಮೂಗು ಹಾರಿಹೋಯಿತು. ಇನ್ನೊಂದರಲ್ಲಿ ದವಡೆ ಸೀಳಿತು. ಮೂರನೆಯ ತುಂಡನ್ನು ಹಿಡಿದುಕೊಂಡು ಅವನು ಬಡಿಗೇರ ಮುತ್ಯಾನ ಕಟ್ಟೆಗೆ ಹೋದ.

ಮುತ್ಯಾ ಒಂದು ಕಾಲಕ್ಕೆ ಚಕ್ಕಡಿ, ಕೂರಿಗೆ, ಕುಂಟೆ ಮಾಡಿಕೊಡುತ್ತಿದ್ದವರು. ಬಾಗಿಲ ಚೌಕಟ್ಟಿಗೆ ಹೂಬಳ್ಳಿ ಕೆತ್ತುವುದರಲ್ಲಿ ಅವರದು ಎತ್ತಿದ ಕೈ. ಟ್ರ್ಯಾಕ್ಟರು ಬಂದು, ಕಬ್ಬಿಣದ ಬಾಗಿಲು ಬಂದು, ಅವರ ಉಳಿಗಳು ಗೋಣಿಚೀಲ ಸೇರಿದ್ದವು. ತುಂಡನ್ನು ತಿರುಗಿಸಿ ನೋಡಿ ಅವರು, “ತಮ್ಮಾ, ಸಾಗವಾನಿ ಬಾಗಲಕ್ಕ ಬೇಷ್. ಇಷ್ಟ ಸಣ್ಣ ಮೂಗಿಗೆ ಅಲ್ಲ. ಇದರ ತೂತು ಕಣ್ಣಿಗೆ ಕಾಣತಾವ ನೋಡು” ಎಂದರು. ಮರದಲ್ಲಿ ನೀರು ಹರಿಯುವ ನಾಳಗಳು ಸಾಗವಾನಿಯಲ್ಲಿ ದೊಡ್ಡವು. ಬಾಗಿಲಿನಲ್ಲಿ ಅದು ಚೆಲುವು. ಬೆರಳುಗಾತ್ರದ ಸಿಂಹದಲ್ಲಿ ಅದೇ ಗುಂಡಿಯಾಗುತ್ತದೆ. ಸಣ್ಣ ಕೆತ್ತನೆಗೆ ನುಣುಪಾದ, ಒತ್ತೊತ್ತಾದ ಎಳೆಯ ಕಟ್ಟಿಗೆ ಬೇಕು. ಅಂಥ ಕಟ್ಟಿಗೆ ಹುಡುಗನ ಹಿತ್ತಲಿನಲ್ಲೇ ಇತ್ತು. ಹೋದ ವರ್ಷ ಕಡಿದು ಬಟ್ಟೆ ಒಣಗಿಸಲು ಕಟ್ಟಿದ್ದ ಪೇರಲ ಗಿಡದ ಕೊಂಬೆ!

ಉಳಿಯ ಸಮಸ್ಯೆಯನ್ನೂ ಮುತ್ಯಾ ಬಗೆಹರಿಸಿದರು. ಮುರಿದ ಕೊಡೆಯ ಕಡ್ಡಿಯನ್ನು ಎಂದಾದರೂ ಗಮನಿಸಿದ್ದೀರಾ? ಅದು ಕಾಲುವೆಯಂತೆ ಒಂದು ಬದಿಗೆ ತೆರೆದಿರುತ್ತದೆ. ತುದಿಯನ್ನು ಸಾಣೆಕಲ್ಲಿಗೆ ಉಜ್ಜಿ ಹರಿತಮಾಡಿದರೆ ಕೇಸರದ ಸುರುಳಿ ತೆಗೆಯಲು ಪುಟ್ಟ ದುಂಡುಳಿ ಸಿದ್ಧ. ಉಳಿದದ್ದು ಎರಡು ಮಾತಿನ ಪಾಠ. ಚಕ್ಕೆ ಎಲ್ಲಿ ನಿಲ್ಲಬೇಕೋ ಅಲ್ಲಿ ಮೊದಲು ನೇರವಾಗಿ ಒಂದು ಕೊಯ್ತ ಹಾಕಬೇಕು, ಆಮೇಲೆ ಆ ಕೊಯ್ತದ ಕಡೆಗೆ ಕೆತ್ತಿಕೊಂಡು ಬರಬೇಕು. ಉಳಿ ಎಳೆಗಳ ಜೊತೆ ಸಾಗಬೇಕು, ಎದುರು ಹೋದರೆ ಕಟ್ಟಿಗೆ ಸೀಳುತ್ತದೆ. ಹನ್ನೊಂದು ದಿನಕ್ಕೆ ಸಿಂಹಕ್ಕೆ ಜೀವ ಬಂತು. ಅದರ ಹಲ್ಲುಗಳನ್ನು ಎಣಿಸಬಹುದಿತ್ತು.

ಹಡಗಿಗೆ ಹಾಯಿ ಕಟ್ಟಿ, ಸಿಂಹ ಅಂಟಿಸಿ, ಒಂದು ಭಾನುವಾರ ಹುಡುಗ ಅದನ್ನು ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ಬಿಟ್ಟ. ಅದು ಒಮ್ಮೆ ಓಲಾಡಿತು, ಆಮೇಲೆ ಪಕ್ಕಕ್ಕೆ ಮಗುಚಿ ಹಾಯಿಯನ್ನು ನೀರಿನಲ್ಲಿ ಅದ್ದಿ ಮಲಗಿಬಿಟ್ಟಿತು. ಎತ್ತಿ ನಿಲ್ಲಿಸಿದರೆ ಮತ್ತೆ ಅದೇ ಪಾಡು.

ಹೀಗೆ ಮಗುಚಿದ್ದು ಇದೊಂದೇ ಹಡಗಲ್ಲ. ಸ್ವೀಡನ್ನಿನ ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ‘ವಾಸಾ’ ಎಂಬ ಯುದ್ಧನೌಕೆ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಮೊದಲ ಸಲ ಹೊರಟಿತು. ಮೈತುಂಬ ಸಿಂಹಗಳು, ಯೋಧರು, ದೇವತೆಗಳ ನೂರಾರು ಕೆತ್ತನೆಗಳು. ಒಂದೂವರೆ ಕಿಲೋಮೀಟರ್ ಕೂಡ ಸಾಗಿರಲಿಲ್ಲ, ಗಾಳಿಯ ಒಂದು ಹೊಡೆತಕ್ಕೆ ವಾಲಿತು. ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ, ದಂಡೆಯ ಮೇಲೆ ನಿಂತ ಜನ ನೋಡುತ್ತಿದ್ದಂತೆಯೇ ಮುಳುಗಿತು. ಕೆತ್ತನೆಗಳಲ್ಲಿ ಕುಂದಿರಲಿಲ್ಲ. ಎರಡು ಸಾಲು ತೋಪುಗಳನ್ನು ಹೊತ್ತ ಮೇಲಿನ ಭಾಗ ಅತಿ ಭಾರವಾಗಿತ್ತು, ಅದನ್ನು ಸರಿದೂಗಿಸುವಷ್ಟು ಭಾರ ತಳದಲ್ಲಿ ಇರಲಿಲ್ಲ. 1961ರಲ್ಲಿ ಅದನ್ನು ಮೇಲೆತ್ತಿದರು. ಇಂದು ಅದು ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಅನಾಹುತ ಆಗಬಾರದೆಂದೇ ಕೌಂಡಿನ್ಯ ಸಮುದ್ರಕ್ಕೆ ಇಳಿಯುವ ಮೊದಲು ಮದ್ರಾಸ್ ಐಐಟಿಯ ನೆರವಿನಿಂದ ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದ್ದರು. ಮಾದರಿ ಬರೀ ಆಟಿಕೆಯಲ್ಲ, ದೊಡ್ಡ ತಪ್ಪನ್ನು ಚಿಕ್ಕದರಲ್ಲೇ ಹಿಡಿದುಕೊಳ್ಳುವ ದಾರಿ.

ಹುಡುಗನಿಗೆ ಇದಾವುದೂ ಗೊತ್ತಿರಲಿಲ್ಲ. ದೋಣಿಯ ಅಂಚಿಗೆ ಕೈಯೂರಿ ಕುಳಿತಿದ್ದ, ಅಳು ಗಂಟಲಿಗೆ ಬಂದಿತ್ತು. ಎತ್ತುಗಳನ್ನು ಹೊಡೆದುಕೊಂಡು ಬಂದ ಅಪ್ಪ ಹಿಂದೆ ನಿಂತ. ಬೈಗುಳ ಬರುತ್ತದೆಂದು ಹುಡುಗ ತಲೆ ತಗ್ಗಿಸಿದ. ಅಪ್ಪ ಕುಕ್ಕರಗಾಲಿನಲ್ಲಿ ಕುಳಿತು, ಹಡಗನ್ನು ಒಂದು ಬೆರಳಿನಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿ ನೋಡಿದ.

“ಕಬ್ಬಿನ ಟ್ರೇಲರ್ ಹೆಂಗ ಬೀಳತೈತಿ, ನೋಡಿ ಇಲ್ಲ? ನೆತ್ತಿಮ್ಯಾಲ ಹೇರಿದ್ರ ತಿರುವಿನ್ಯಾಗ ಉರಳೂದ. ಇದಕ್ಕೂ ಹಂಗ ಆಗೈತಿ. ಭಾರ ಬುಡಕ್ಕ ಇರಬೇಕು.”

ಹದಿನೈದು ವರ್ಷ ಕಾರ್ಖಾನೆಗೆ ಕಬ್ಬು ಸಾಗಿಸಿದವನಿಗೆ ಗುರುತ್ವ ಕೇಂದ್ರ ಎಂಬ ಶಬ್ದ ಗೊತ್ತಿರಲಿಲ್ಲ, ಅದರ ಕೆಲಸ ಮಾತ್ರ ಚೆನ್ನಾಗಿ ಗೊತ್ತಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಿಯಿಂದ ಅವನೇ ಗರಗಸ ಹಿಡಿದು ಒಂದು ತುಂಡು ಕೊಯ್ದುಕೊಟ್ಟ. ಹುಡುಗ ಅದನ್ನು ಹಡಗಿನ ಒಳತಳಕ್ಕೆ, ನಟ್ಟನಡುವೆ ಬಿಗಿದ. ದಪ್ಪನೆಯ ಹಾಯಿಗಂಬಗಳನ್ನು ಪಾಲಿಶ್ ಕಾಗದದಿಂದ ಉಜ್ಜಿ ಸಣ್ಣಗೆ ಮಾಡಿದ. ಈ ಸಲ ಹಡಗು ಗೆರೆಯವರೆಗೆ ನೀರಿನಲ್ಲಿ ಇಳಿದು ನೆಟ್ಟಗೆ ನಿಂತಿತು. ಬೆರಳಿನಿಂದ ವಾಲಿಸಿದರೂ ತಾನೇ ಎದ್ದಿತು. ಅಪ್ಪ ಅದನ್ನು ಮೂರು ಸಲ ವಾಲಿಸಿದ. ಆಮೇಲೆ ಪಕ್ಕದಲ್ಲಿದ್ದ ವಹಿ ತೆಗೆದು ನಲವತ್ತರ ಲೆಕ್ಕಗಳನ್ನು ಬಹಳ ಹೊತ್ತು ನೋಡಿದ. ಏನೂ ಹೇಳಲಿಲ್ಲ.

ಶಾಲೆಯ ವಸ್ತುಪ್ರದರ್ಶನದಲ್ಲಿ ಬಹುಮಾನ ಬೇರೆ ಮಾದರಿಗೆ ಹೋಯಿತು. ನೋಡಲು ಬಂದವರೆಲ್ಲ ಸಿಂಹವನ್ನು ಹೊಗಳಿದರು. ಒಳಗಿದ್ದ ಕಬ್ಬಿಣದ ಪಟ್ಟಿ ಯಾರಿಗೂ ಕಾಣಲಿಲ್ಲ. ಮಕ್ಕಳ ಅಂಕಪಟ್ಟಿಯನ್ನು ಎಲ್ಲರಿಗೂ ತೋರಿಸುವ ತಂದೆತಾಯಿಗಳು ತಳದಲ್ಲಿ ಏನಿದೆ ಎಂದೂ ಆಗಾಗ ಬಗ್ಗಿ ನೋಡುವುದು ಒಳ್ಳೆಯದು.

2025ರ ಡಿಸೆಂಬರ್ 29ರಂದು ಕೌಂಡಿನ್ಯ ಗುಜರಾತಿನ ಪೋರಬಂದರಿನಿಂದ ಹಾಯಿ ಬಿಚ್ಚಿ ಒಮಾನಿನ ಮಸ್ಕತ್‌ಗೆ ಹೊರಟಿತು. ಆ ದಿನಗಳಲ್ಲಿ ಕಬ್ಬಿನ ಕಟಾವಿನಿಂದ ರಾತ್ರಿ ತಡವಾಗಿ ಬರುತ್ತಿದ್ದ ಅಪ್ಪ ಕೈಕಾಲು ತೊಳೆಯುವ ಮೊದಲು ಕೇಳುತ್ತಿದ್ದುದು ಒಂದೇ ಮಾತು.

“ಏನೋ, ನಿನ್ನ ಹಡಗ ಮುಟ್ತಂತೇನು?”

ಜನವರಿಯಲ್ಲಿ ಒಂದು ಸಂಜೆ ಹುಡುಗ ದೋಣಿಯ ಬಳಿಯಿಂದಲೇ ಕೂಗಿ ಹೇಳಿದ. “ಮುಟ್ಟೈತಪ್ಪಾ!”

ಎತ್ತುಗಳು ನೀರಿಗೆ ಬಂದವು. ಅವನು ತನ್ನ ಹಡಗನ್ನು ಎತ್ತಿ ದಂಡೆಯ ಮೇಲಿಟ್ಟು ಅವಕ್ಕೆ ದಾರಿ ಬಿಟ್ಟ.