ಗಂಟೆಗೆ ಅರವತ್ತು

ನಮ್ಮೂರಲ್ಲಿ ಒಬ್ಬ ಹುಡುಗಿಗೆ ಧೈರ್ಯ ಇದೆ ಅಂದರೆ ಅದು ಹೊಗಳಿಕೆಯಾಗಿರಲಿಲ್ಲ. ‘ಅವಳಿಗೆ ಧೈರ್ಯ ಜಾಸ್ತಿಯಾಗಿದೆ’ ಅನ್ನುವ ಮಾತು ಹುಟ್ಟಿದರೆ ಅದರ ಬೆನ್ನಿಗೇ ಗಂಡು ಹುಡುಕುವ ಮಾತೂ ಬರುತ್ತಿತ್ತು. 2007ರಲ್ಲಿ ನಾನು ಗಾರ್ಮೆಂಟ್ಸ್ ಬಸ್ಸು ಹತ್ತಿದ್ದು ಧೈರ್ಯದಿಂದಲ್ಲ. ಪಿಯುಸಿಯಲ್ಲಿ ಇಂಗ್ಲಿಷ್ ಹೋಗಿತ್ತು, ಅಪ್ಪನ ಸಾಲ ಹಾಗೇ ಇತ್ತು, ಪಕ್ಕದ ಮನೆಯ ಅಕ್ಕ ಆಗಲೇ ಹೋಗುತ್ತಿದ್ದಳು. ಅಷ್ಟೇ.

ನಮ್ಮೂರು ದೊಡ್ಡಬೆಳವಂಗಲ, ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಊರು, ದಾಬಸ್‌ಪೇಟೆ ಕಡೆ ಹೋಗುವ ರಸ್ತೆಯಲ್ಲಿ. ಆಗ ಸುಗ್ಗಿ ಬಂತೆಂದರೆ ರಾಗಿ ತೆನೆಯನ್ನು ರಸ್ತೆಗೇ ಹರಡಿ, ಬಸ್ಸು ಲಾರಿಗಳ ಕೈಲೇ ಒಕ್ಕಣೆ ಮಾಡಿಸುತ್ತಿದ್ದರು. ಗಾರ್ಮೆಂಟ್ಸ್ ಬಸ್ಸಿನ ಡ್ರೈವರ್ ಬೈದುಕೊಂಡೇ ಅದರ ಮೇಲೆ ಹತ್ತಿಸುತ್ತಿದ್ದ. ಈಗ ಕಂಟೇನರ್ ಲಾರಿಗಳು ಓಡುವ ಓಟಕ್ಕೆ ಅಲ್ಲಿ ಒಂದು ಗೋಣಿಚೀಲ ಹರಡುವುದಕ್ಕೂ ಆಗುವುದಿಲ್ಲ.

ಅಪ್ಪ ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರ ವಿದ್ಯುತ್ ಮಗ್ಗ ನೋಡಿಕೊಳ್ಳುತ್ತಿದ್ದ. ಸೀರೆಗಿಷ್ಟು ಅಂತ ಕೂಲಿ. ಕರೆಂಟು ಹೋದರೆ ಲಾಳಿ ನಿಲ್ಲುತ್ತಿತ್ತು, ಕೂಲಿಯೂ ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಸೀರೆ ನೇಯ್ದವನು ಆ ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಒಂದು ದಿನವೂ ಮಾಲೀಕನನ್ನು ಕೇಳಿರಲಿಲ್ಲ. ಯಾಕೆ ಅಂದರೆ, ‘ಮುಂಗಡ ಇಸ್ಕೊಂಡಿರೋನು ರೇಟು ಕೇಳಕ್ಕಾಯ್ತದೇನಮ್ಮ’ ಅನ್ನುತ್ತಿದ್ದ. ಅಪ್ಪನನ್ನು ಹೆದರುಪುಕ್ಕಲ ಅಂತ ನಾನು ತುಂಬ ವರ್ಷ ಅಂದುಕೊಂಡಿದ್ದೆ. ಸಾಲದ ಲೆಕ್ಕ ನನಗೂ ಅರ್ಥವಾದ ಮೇಲೆ ಹಾಗೆ ಅನ್ನಿಸುವುದು ನಿಂತಿತು.

ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿನ ಒಂದು ಘಟಕದಲ್ಲಿ ಹೆಲ್ಪರ್ ಆಗಿ ಸೇರಿದೆ. ತಿಂಗಳಿಗೆ 2,400 ರೂಪಾಯಿ. ದಾರ ಕತ್ತರಿಸುವುದು, ಬಂಡಲ್ ಹೊರುವುದು, ಟೈಲರ್‌ಗಳ ಬೈಗುಳ ತಿನ್ನುವುದು. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷಕ್ಕೆ ಮುದ್ದೆ ಮುಗಿಸಿ, ಖಾಲಿ ಮೆಷಿನ್ನಿನಲ್ಲಿ ಚಿಂದಿ ಬಟ್ಟೆ ಹಾಕಿ ಹೊಲಿಗೆ ಕಲಿತೆ. ಒಂದು ಸಲ ಸೂಜಿ ತೋರುಬೆರಳಿನ ಉಗುರಲ್ಲೇ ಇಳಿಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಮೆಷಿನ್ ಮುಟ್ಟಿಸುವುದಿಲ್ಲ ಅಂತ. ಆರು ತಿಂಗಳಿಗೆ ಟೈಲರ್, ಇನ್ನೊಂದು ವರ್ಷಕ್ಕೆ ಕಾಲರ್. ಶರ್ಟಿನಲ್ಲಿ ಕಾಲರ್ ಕೂರಿಸುವವಳಿಗೆ ಲೈನಿನಲ್ಲಿ ಒಂದು ತೂಕ ಇರುತ್ತದೆ. ಅವಳು ರಜ ಹಾಕಿದರೆ ಅವಳ ನಂತರದವರೆಲ್ಲ ಕೈಕಟ್ಟಿ ಕೂರಬೇಕು.

ಲೈನಿನ ತುದಿಯಲ್ಲಿ ಬೋರ್ಡು. ಗಂಟೆಗೆಷ್ಟು ಪೀಸ್ ಆಗಬೇಕು, ಎಷ್ಟಾಯಿತು ಅಂತ ಸೂಪರ್‌ವೈಸರ್ ಬರೆಯುತ್ತಿದ್ದ. ಆ ಸಂಖ್ಯೆ ಎಲ್ಲಿಂದ ಇಳಿಯುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಮಳೆ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲವಲ್ಲ, ಹಾಗೆ. ನಾಲ್ಕು ಗಂಟೆಯ ಬೋರ್ಡಿನಲ್ಲಿ ಸಂಖ್ಯೆ ಕಮ್ಮಿಯಿದ್ದರೆ ಆವತ್ತು ಬಾತ್‌ರೂಮಿಗೆ ಹೋಗುವವಳನ್ನೂ ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದರು.

ಒಂದು ದಿನ ಐಇ ಹುಡುಗ, ಅಂದರೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಮ್ಮ ಕೈ ಓಡುವುದನ್ನು ಅಳೆಯುವ ಎಂಜಿನಿಯರ್, ನನ್ನ ಪಕ್ಕ ನಿಂತಿದ್ದ. ಹೊಸಬ, ಮಾತುಗಾರ. ಏನು ಬರೀತಿದ್ದೀರಿ ಸಾರ್ ಅಂದೆ. ಹೇಳಿಬಿಟ್ಟ. ಒಂದು ಕೆಲಸಕ್ಕೆ ಇಷ್ಟು ನಿಮಿಷ ಅಂತ ಕಟ್ಟುತ್ತಾರೆ, ಅದಕ್ಕೆ ಸ್ಯಾಮ್ ಅನ್ನುತ್ತಾರೆ. ನನ್ನ ಕಾಲರಿಗೆ 0.8 ನಿಮಿಷ, ಅಂದರೆ 48 ಸೆಕೆಂಡು. 60ನ್ನು 0.8ರಿಂದ ಭಾಗಿಸಿದರೆ 75. ಗಂಟೆಗೆ 75 ಪೀಸ್, ಅದು ನೂರಕ್ಕೆ ನೂರು. ಎರಡು ವರ್ಷ ನನ್ನನ್ನು ಆಡಿಸಿದ ಸಂಖ್ಯೆ ಏಳನೇ ಕ್ಲಾಸಿನ ಭಾಗಾಕಾರ!

ಕೆಲವು ತಿಂಗಳಾದ ಮೇಲೆ ಪಟ್ಟೆ ಶರ್ಟಿನ ಆರ್ಡರ್ ಬಂತು. ಪಟ್ಟೆ ಬಟ್ಟೆಯಲ್ಲಿ ಕಾಲರಿನ ಗೆರೆಗೂ ಬೆನ್ನಿನ ಗೆರೆಗೂ ತಾಳೆ ಕೂಡಿಸಬೇಕು, ಒಂದು ದಾರದಷ್ಟು ಜರುಗಿದರೂ ಚೆಕ್ಕರ್ ವಾಪಸ್ ಎಸೆಯುತ್ತಾಳೆ. ಬೋರ್ಡಿನಲ್ಲಿ ಮಾತ್ರ ಅದೇ 75. ಮೂರನೇ ದಿನ ಸೂಪರ್‌ವೈಸರ್ ಕಿರುಚುವಾಗ ಎದ್ದು ನಿಂತೆ. ‘ಸಾರ್, ಇದು ಒಂದು ನಿಮಿಷದ ಕೆಲಸ. ಗಂಟೆಗೆ ಅರವತ್ತೇ ನಿಮಿಷ ಇರೋದು. ಎಪ್ಪತ್ತೈದು ಎಲ್ಲಿಂದ ತರ್ಲಿ?’ ಕಾಲು ನಡುಗುತ್ತಿತ್ತು, ಧ್ವನಿ ಕೀರಲಾಗಿತ್ತು. ಆದರೆ ಲೆಕ್ಕ ಸರಿಯಿತ್ತು. ಐಇ ಬಂದು ಮತ್ತೆ ಅಳೆದ. ಮಾರನೇ ದಿನ ಬೋರ್ಡಿಗೆ 62 ಬಂತು. ಎರಡು ಪೀಸನ್ನು ಅವರ ಮರ್ಯಾದೆಗೆ ಅಂತ ಬಿಟ್ಟುಕೊಟ್ಟೆವು.

ಈ ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಸೂಪರ್‌ವೈಸರ್ ಆಗ್ತೀಯಾ ಅಂತ ಕೇಳಿದಾಗ ನಾನು ಒಲ್ಲೆ ಅಂದೆ. ಲೈನಿನಲ್ಲಿ ಹತ್ತಕ್ಕೆ ಎಂಟು ಮಂದಿ ಹೆಂಗಸರು, ಬೋರ್ಡಿನ ಹತ್ತಿರ ನಿಲ್ಲುವವರು ಗಂಡಸರು. ಅದು ಬರೀ ಅವರ ಕುತಂತ್ರ ಅಂತ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಸೂಪರ್‌ವೈಸರ್ ಆದರೆ ಲೆಕ್ಕ ಒಪ್ಪಿಸಿ ಹೊರಡುವಷ್ಟರಲ್ಲಿ ಏಳಾಗುತ್ತದೆ, ನಮ್ಮೂರ ಬಸ್ಸು ಐದೂವರೆಗೇ ಹೊರಡುತ್ತದೆ. ಜೊತೆಗೆ, ನಿನ್ನೆಯವರೆಗೆ ಒಂದೇ ಬುತ್ತಿಯಲ್ಲಿ ಉಂಡವರ ಮೇಲೆ ಕಿರುಚಬೇಕು. ಆತ್ಮವಿಶ್ವಾಸ ಇಲ್ಲ ಅಂತ ಎಚ್‌ಆರ್‌ನವರು ಬರೆದುಕೊಂಡರು. ಬಸ್ಸಿಲ್ಲ ಅಂತ ಬರೆಯುವುದಕ್ಕೆ ಅವರ ಫಾರಂನಲ್ಲಿ ಜಾಗ ಇರಲಿಲ್ಲವೇನೋ.

ಕಡೆಗೆ ಒಪ್ಪಿದ್ದು ಹೊಟ್ಟೆಕಿಚ್ಚಿಗೆ. ನನ್ನ ಬದಲಿಗೆ ತಂದು ನಿಲ್ಲಿಸಿದ ಹುಡುಗನಿಗೆ ಕಾಲರಿನ ಕೆಲಸವೇ ಬರುತ್ತಿರಲಿಲ್ಲ. ಅವನಿಗೆ ನಾನೇ ಕಲಿಸಿದೆ, ಅವನು ಅದನ್ನೇ ನನಗೆ ಹೇಳಿ ಬೈದ. ಮುಂದಿನ ಸಲ ಕೇಳಿದಾಗ ಹೂಂ ಅಂದೆ. ಹೆಚ್ಚಿಗೆ ಸಿಕ್ಕಿದ್ದು 900 ರೂಪಾಯಿ. ಅದರಲ್ಲಿ ಸಂಜೆ ಆಟೋಕ್ಕೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕಲಿಲ್ಲ, ಹಾಕಿದ್ದರೆ ಬಿಟ್ಟುಬಿಡುತ್ತಿದ್ದೆ.

ಅದೇ ಕಾಲಕ್ಕೆ ನಮ್ಮಲ್ಲಿಗೂ ಜೀವನ ಕೌಶಲದ ತರಬೇತಿಗಳು ಬಂದವು. ಗ್ಯಾಪ್ ಅನ್ನುವ ಅಮೆರಿಕದ ಬಟ್ಟೆ ಕಂಪನಿ 2007ರಲ್ಲಿ ‘ಪೇಸ್’ ಅಂತ ಆರಂಭಿಸಿದ್ದು ಅದರಲ್ಲಿ ಹೆಸರುವಾಸಿ. ಹೇಗೆ ಮಾತಾಡಬೇಕು, ಸಮಯ ಹೇಗೆ ಹಂಚಬೇಕು, ದುಡ್ಡು ಹೇಗೆ ಉಳಿಸಬೇಕು. ನಮಗೂ ಅಂಥದ್ದೊಂದು ಕ್ಲಾಸು ನಡೆಯಿತು. ಕುರ್ಚಿಯಲ್ಲಿ ಕೂತು, ನಮ್ಮ ಹೆಸರು ಹೇಳಿಸಿ ಚಪ್ಪಾಳೆ ತಟ್ಟಿಸಿಕೊಂಡಿದ್ದು ಹಲವರಿಗೆ ಅದೇ ಮೊದಲು. ನಕ್ಕೆವು, ಆದರೆ ಇಷ್ಟವೂ ಆಯಿತು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಶಾಧಮ್ ಅನ್ನುವ ಅರ್ಥಶಾಸ್ತ್ರಜ್ಞರು 2013ರಿಂದ ಗಾರ್ಮೆಂಟ್ಸ್ ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಘಟಕಗಳಲ್ಲಿ ಲಾಟರಿ ಎತ್ತಿ ಕೆಲವರಿಗೆ ಪೇಸ್ ತರಬೇತಿ ಕೊಡಿಸಿ, ಉಳಿದವರ ಜೊತೆ ತಾಳೆ ನೋಡಿದರು. ಕಲಿತವರು ಹೆಚ್ಚು ಪೀಸ್ ತೆಗೆದರು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ಹಾಕಿದ ದುಡ್ಡು ಕಳೆದು ಅದರ ಎರಡೂವರೆ ಪಟ್ಟು ಲಾಭ ಬಂದಿತ್ತು. ಹೆಂಗಸರ ಸಂಬಳ ಏರಿದ್ದು ಶೇಕಡ ಅರ್ಧ. ಸಾವಿರಕ್ಕೆ ಐದು ರೂಪಾಯಿ. ನಮ್ಮ ಆತ್ಮವಿಶ್ವಾಸದ ರೇಟು ಅಷ್ಟು ಅಂತ ಓದಿದಾಗ ಅಪ್ಪನ ಸೀರೆ ನೆನಪಾಯಿತು. ಅವನು ಕೇಳಿರಲಿಲ್ಲ. ನಾವು ಕೇಳುವುದನ್ನು ಕಲಿತೆವು, ಕೇಳಿದ್ದಕ್ಕೆ ಚಪ್ಪಾಳೆ ಸಿಕ್ಕಿತು.

2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ ಕೂತರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಕರೆಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಮಾರನೇ ದಿನ ಸಂಜೆಗೆ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಹಾಗೆ ರಸ್ತೆಯಲ್ಲಿ ಕೂರುವುದನ್ನು ಆ ಹೆಂಗಸರಿಗೆ ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ನಾನು ಆ ಎರಡು ದಿನ ಎಲ್ಲಿದ್ದೆ ಅಂದರೆ, ಬೋರ್ಡಿನ ಪಕ್ಕ. ಯಾರು ಬಂದಿಲ್ಲ ಅಂತ ಗುರುತು ಹಾಕುತ್ತಿದ್ದೆ.

ಈಗ ಬೋರ್ಡಿಲ್ಲ, ಟ್ಯಾಬ್ ಇದೆ. ಎಕ್ಸೆಲ್ ಕಲಿಯುವಾಗ ನನಗೆ ಮೂವತ್ತೈದು ದಾಟಿತ್ತು, ಕಲಿಸಿದವನು ನನ್ನನ್ನು ಆಂಟಿ ಅನ್ನುತ್ತಿದ್ದ. ಊರ ಹುಡುಗಿಯರು ಗಾರ್ಮೆಂಟ್ಸಿಗೆ ಬರುವುದು ಕಡಿಮೆಯಾಗಿದೆ, ಡಿಗ್ರಿ ಮಾಡಿಕೊಂಡು ಏರ್‌ಪೋರ್ಟ್ ಕಡೆ ಹೋಗುತ್ತಾರೆ. ನನ್ನ ಲೈನಿನಲ್ಲಿ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರಿದ್ದಾರೆ, ಹಾಸ್ಟೆಲಿನಲ್ಲಿ ಇರುತ್ತಾರೆ. ಅವರಿಗೋಸ್ಕರ ಹಿಂದಿ ಕಲಿತೆ. ಲಿಂಗ ತಪ್ಪುತ್ತದೆ, ಮೆಷಿನ್ನಿಗೂ ದಾರಕ್ಕೂ ಒಂದೇ ‘ಕಾ’ ಹಾಕುತ್ತೇನೆ. ಅವರು ನಗುತ್ತಾರೆ, ಕೆಲಸ ಆಗುತ್ತದೆ.

ಹೋದ ತಿಂಗಳು ಅವರಲ್ಲಿ ಒಬ್ಬಳು ಎದ್ದು ನಿಂತಳು. ಪಟ್ಟೆ ಬಟ್ಟೆಯೇ. ‘ದೀದಿ, ಯೇ ಸತ್ತರ್ ಕೈಸೇ?’ ಟ್ಯಾಬಿನಲ್ಲಿ 70 ಅಂತ ಇತ್ತು. ಮೇಲಿನಿಂದ ಬಂದ ಸಂಖ್ಯೆ. ಪೆನ್ನು ತೆಗೆದು, ಬಂಡಲ್ ಚೀಟಿಯ ಹಿಂದೆ ಅವಳಿಗೆ ಭಾಗಾಕಾರ ಮಾಡಿ ತೋರಿಸಿದೆ. ಆಮೇಲೆ ಎಪ್ಪತ್ತೇ ಬೇಕು ಅಂದೆ. ಅವಳು ಚೀಟಿಯನ್ನು ಮಡಚಿ ಫೋನಿನ ಕವರಿನೊಳಗೆ ಇಟ್ಟುಕೊಂಡು ಮೆಷಿನ್ನಿಗೆ ಕೂತಳು. ಆ ಗಂಟೆ ತೆಗೆದದ್ದು 58.