ವಾಕ್ಯಾರ್ಥದಿಂದ ಮೌಖಿಕ ಪರೀಕ್ಷೆಯವರೆಗೆ

ವಿದ್ವತ್ತಿಗೆ ಎರಡು ಮುಖಗಳುಂಟು. ಏಕಾಂತದಲ್ಲಿ ಕುಳಿತು ಓದಿ ಬರೆಯುವುದು ಒಂದು. ಬರೆದುದನ್ನು ಬಲ್ಲವರ ಮುಂದೆ ನಿಂತು ಸಮರ್ಥಿಸುವುದು ಇನ್ನೊಂದು. ಮೊದಲನೆಯದಕ್ಕೆ ತಾಳ್ಮೆ ಬೇಕು. ಎರಡನೆಯದಕ್ಕೆ ತಾಳ್ಮೆಯೊಡನೆ ಧೈರ್ಯವೂ ಬೇಕು. ಪ್ರಾಚೀನ ಭಾರತದ ವಿದ್ವಾಂಸರು ಈ ಎರಡನೆಯ ಮುಖವನ್ನು ಬಹುವಾಗಿ ಗೌರವಿಸಿದರು. ಬೃಹದಾರಣ್ಯಕೋಪನಿಷತ್ತಿನಲ್ಲಿ ಜನಕರಾಜನ ಸಭೆಯ ವಿದ್ವಾಂಸರು ಯಾಜ್ಞವಲ್ಕ್ಯನನ್ನು ಒಬ್ಬರಾದ ಮೇಲೊಬ್ಬರಂತೆ ಪ್ರಶ್ನಿಸುತ್ತಾರೆ. ಗಾರ್ಗಿಯು ಒಮ್ಮೆ ಕೇಳಿ ಸುಮ್ಮನಾದವಳು, ಮತ್ತೊಮ್ಮೆ ಎದ್ದು ಇನ್ನೆರಡು ಪ್ರಶ್ನೆಗಳನ್ನು ಮುಂದಿಡುತ್ತಾಳೆ. ಸಭೆಯಲ್ಲಿ ಯಾರೂ ಅದನ್ನು ಅವಿನಯವೆಂದು ಬಗೆಯಲಿಲ್ಲ.

ಪ್ರಶ್ನೆಗೂ ಒಂದು ಶಾಸ್ತ್ರವಿದೆ ಎಂಬುದನ್ನು ಆ ಹಿರಿಯರು ಅರಿತಿದ್ದರು. ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸಿತು. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನ ಪಕ್ಷವನ್ನು ಖಂಡಿಸುವುದಷ್ಟೇ ವಿತಂಡ. ಚರಕಸಂಹಿತೆಯ ವಿಮಾನಸ್ಥಾನವು ವೈದ್ಯರ ವಿದ್ವದ್ಗೋಷ್ಠಿಗಳನ್ನು ಕುರಿತು ಹೇಳುವಾಗ, ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆಯನ್ನೂ ಪೈಪೋಟಿಯಿಂದ ನಡೆಯುವ ವಿಗೃಹ್ಯ ಸಂಭಾಷೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಸಂಸ್ಕೃತ ಪಾಠಶಾಲೆಗಳ ವಾಕ್ಯಾರ್ಥ ಸಭೆಗಳಲ್ಲಿ ಪೂರ್ವಪಕ್ಷವನ್ನು ಚೆನ್ನಾಗಿ ಹೇಳಬಲ್ಲವನಿಗೇ ಸಿದ್ಧಾಂತವನ್ನು ಹೇಳುವ ಅಧಿಕಾರ.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಪದವಿಗಾಗಿ ಸಲ್ಲಿಸುವ ಮಹಾಪ್ರಬಂಧದ ಮೌಖಿಕ ಪರೀಕ್ಷೆಯು ಬೇರೊಂದು ದಾರಿಯಿಂದ ಬಂದುದು. ಮಧ್ಯಯುಗದ ಯುರೋಪಿನ ವಿದ್ಯಾಪೀಠಗಳ ಬಹಿರಂಗ ವಾದಸಭೆ ಅದರ ಮೂಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳು ಸಂಶೋಧನ ಪದವಿಗೆ ಈಗಿನ ರೂಪವನ್ನು ಕೊಟ್ಟವು. ಆಕ್ಸ್‌ಫರ್ಡ್ ಅದನ್ನು ಅಂಗೀಕರಿಸಿದ್ದು 1917ರಷ್ಟು ಈಚೆಗೆ. ಪರೀಕ್ಷೆಯ ವಿಧಾನ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಮುಚ್ಚಿದ ಬಾಗಿಲೊಳಗೆ ಪರೀಕ್ಷಕರಿಬ್ಬರು ಅಭ್ಯರ್ಥಿಯೊಡನೆ ಕುಳಿತು ಮಾತನಾಡುವುದು ರೂಢಿ. ಸ್ವೀಡನ್ನಿನಲ್ಲಿ ವಾರಗಳಷ್ಟು ಮುಂಚಿತವಾಗಿಯೇ ಪ್ರಬಂಧವನ್ನು ಮೊಳೆ ಹೊಡೆದು ತೂಗುಹಾಕಿ ಲೋಕಕ್ಕೆ ಪ್ರಕಟಿಸುವ ಸಂಪ್ರದಾಯವಿದೆ. ತುಂಬಿದ ಸಭೆಯಲ್ಲಿ ಪ್ರತಿವಾದಿಯಾಗಿ ನೇಮಕಗೊಂಡ ವಿದ್ವಾಂಸನು ಪ್ರಶ್ನಿಸುತ್ತಾನೆ. ನೆದರ್ಲೆಂಡ್ಸಿನಲ್ಲಿ ನಿಗದಿಯಾದ ಅವಧಿ ಮುಗಿದೊಡನೆ ದಂಡ ಹಿಡಿದ ಅಧಿಕಾರಿಯು ಒಳಬಂದು, ವೇಳೆಯಾಯಿತೆಂದು ಲ್ಯಾಟಿನ್ನಿನಲ್ಲಿ ಸಾರುತ್ತಾನೆ. ವಾದ ಅಲ್ಲಿಗೆ ಮುಗಿಯುತ್ತದೆ.

ಭಾರತದಲ್ಲಿ ಈ ಪರೀಕ್ಷೆಗೆ ಆಧಾರವಾಗಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿ. ಇದಕ್ಕೆ ಮುನ್ನ 2009ರಲ್ಲಿಯೂ 2016ರಲ್ಲಿಯೂ ಇಂತಹ ನಿಯಮಗಳು ಬಂದಿದ್ದವು. ಈಗಿನ ನಿಯಮದಂತೆ ಮಹಾಪ್ರಬಂಧವನ್ನು ಮಾರ್ಗದರ್ಶಕರೂ, ಆ ಸಂಸ್ಥೆಯ ಸೇವೆಯಲ್ಲಿಲ್ಲದ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರೂ ಪರಿಶೀಲಿಸಬೇಕು. ಸಾಧ್ಯವಾದೆಡೆ ಅವರಲ್ಲೊಬ್ಬರು ಹೊರದೇಶದವರಾಗಿರಬೇಕು. ಇಬ್ಬರೂ ಒಪ್ಪಿಗೆ ಸೂಚಿಸಿದ ಮೇಲೆಯೇ ಮೌಖಿಕ ಪರೀಕ್ಷೆ. ಒಬ್ಬರು ತಿರಸ್ಕರಿಸಿದರೆ ಪ್ರಬಂಧವು ಬೇರೊಬ್ಬ ಬಾಹ್ಯ ಪರೀಕ್ಷಕರ ಬಳಿಗೆ ಹೋಗುತ್ತದೆ. ಅವರೂ ಒಪ್ಪದಿದ್ದರೆ ಪದವಿಯಿಲ್ಲ. ಮೌಖಿಕ ಪರೀಕ್ಷೆಯ ಮಂಡಲಿಯಲ್ಲಿ ಮಾರ್ಗದರ್ಶಕರೊಡನೆ ಬಾಹ್ಯ ಪರೀಕ್ಷಕರಲ್ಲಿ ಒಬ್ಬರಾದರೂ ಇರತಕ್ಕದ್ದು. ಆನ್‌ಲೈನ್ ಮೂಲಕವೂ ಅದನ್ನು ನಡೆಸಬಹುದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ವಿಭಾಗದ ಅಧ್ಯಾಪಕರಿಗೂ ಇತರ ಸಂಶೋಧನಾರ್ಥಿಗಳಿಗೂ ಆ ಪರೀಕ್ಷೆಯ ಬಾಗಿಲು ತೆರೆದಿರಬೇಕೆಂಬ ವಿಧಿ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಪರೀಕ್ಷಕರಿಬ್ಬರೂ ಪ್ರಬಂಧವನ್ನು ಮೊದಲೇ ಒಪ್ಪಿರುವಾಗ ಮೌಖಿಕ ಪರೀಕ್ಷೆಯ ಫಲ ಬಹುಮಟ್ಟಿಗೆ ನಿಶ್ಚಿತವೇ ಅಲ್ಲವೆ? ನಿಶ್ಚಿತವಾದುದನ್ನು ಪರೀಕ್ಷೆಯೆಂದು ಕರೆಯುವುದೇಕೆ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆಚರಣೆಯು ಅದಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಹಲವೆಡೆ ಆ ದಿನದ ಕಾರ್ಯಕ್ರಮ ಹೀಗೆ ಸಾಗುತ್ತದೆ: ಅಭ್ಯರ್ಥಿಯು ಅಧ್ಯಾಯಗಳ ಸಾರವನ್ನು ಓದುತ್ತಾನೆ, ಪರೀಕ್ಷಕರು ಅಕ್ಷರದೋಷಗಳ ಪಟ್ಟಿಯೊಂದನ್ನು ಕೊಡುತ್ತಾರೆ, ಸಭಿಕರಲ್ಲಿ ಯಾರಾದರೂ ಪ್ರಶ್ನಿಸಬಹುದೆಂದು ಅಧ್ಯಕ್ಷರು ಸೂಚಿಸಿದಾಗ ಎಲ್ಲರೂ ಮೌನ ತಾಳುತ್ತಾರೆ, ಬಳಿಕ ಶಾಲು, ಹಾರ, ಊಟ. ಊಟದ ವೆಚ್ಚ ಅಭ್ಯರ್ಥಿಯ ತಲೆಯ ಮೇಲೆಯೇ ಬೀಳುವುದುಂಟು. ಶಿಷ್ಯವೇತನ ಮುಗಿದು, ಕೆಲಸ ದೊರೆಯದೆ, ಸಾಲ ಮಾಡಿ ಪ್ರಬಂಧವನ್ನು ಅಚ್ಚುಹಾಕಿಸಿದವನಿಗೆ ಇದು ಸಣ್ಣ ಹೊರೆಯಲ್ಲ. ನಿಯಮಾವಳಿಯಲ್ಲಿ ಎಲ್ಲಿಯೂ ಊಟದ ಪ್ರಸ್ತಾಪವಿಲ್ಲ.

ಹಾಗಿದ್ದೂ ಈ ಪರೀಕ್ಷೆಯನ್ನು ಬಿಡಲಾಗದು. ಬರವಣಿಗೆಯು ಬರೆದವನದೇ ಹೌದೆಂಬುದನ್ನು ಕಾಗದದಿಂದಷ್ಟೇ ತಿಳಿಯುವ ಕಾಲ ಕಳೆದುಹೋಗಿದೆ. ಕೃತಿಚೌರ್ಯವನ್ನು ತಡೆಯಲು ಆಯೋಗವು 2018ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಇತರ ಬರಹಗಳೊಡನೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡವಿಲ್ಲ. ಶೇಕಡಾ 60ನ್ನು ಮೀರಿದರೆ ನೋಂದಣಿಯೇ ರದ್ದು. ಕಂಪ್ಯೂಟರು ಹೋಲಿಕೆಯನ್ನು ಎಣಿಸಬಲ್ಲದು. ಆದರೆ ಕೂಲಿಗೆ ಬರೆಸಿದ ಪುಟಗಳಲ್ಲಿ ಅದಕ್ಕೆ ಯಾವ ಹೋಲಿಕೆಯೂ ಸಿಗದಿರಬಹುದು. ಈಚಿನ ವರ್ಷಗಳಲ್ಲಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಕ್ಷಣಾರ್ಧದಲ್ಲಿ ಅಧ್ಯಾಯಗಳನ್ನು ಹೆಣೆದು ಕೊಡುತ್ತಿವೆ. ಹೀಗಿರಲಾಗಿ, ಒಬ್ಬ ಮನುಷ್ಯನು ತಾನು ಬರೆದುದಕ್ಕೆ ತನ್ನ ಬಾಯಿಂದಲೇ ಉತ್ತರ ಹೇಳಬೇಕಾದ ಆ ಒಂದು ಗಂಟೆಯ ಬೆಲೆ ಮೊದಲಿಗಿಂತ ಹೆಚ್ಚಿದೆ.

ಅಲ್ಲದೆ, ಸತ್ಪ್ರಶ್ನೆಯು ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರ ಇರುವುದಲ್ಲ. ತನ್ನ ಊರಿನ ಬೀಸುಕಲ್ಲಿನ ಪದಗಳನ್ನು ಸಂಗ್ರಹಿಸಿ ಮಹಾಪ್ರಬಂಧ ಬರೆದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಬಹುದು. ಆಕೆಯ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಆಕೆಯೇ ಮೊದಲು. ಆಕೆಯ ತಾಯಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಳೆ. ಪರೀಕ್ಷಕರು ಛಂದಸ್ಸನ್ನು ಕುರಿತು ಎರಡು ಮಾತು ಕೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ, "ಈ ಪದವನ್ನು ಹಾಡಿದಾಕೆ ಎಲ್ಲ ಸಲವೂ ಹೀಗೆಯೇ ಹಾಡಿದಳೇನಮ್ಮಾ?" ಎಂದು ಕೇಳುತ್ತಾರೆ. ಅಭ್ಯರ್ಥಿ ತಡೆದು ನಿಲ್ಲುತ್ತಾಳೆ. "ಇಲ್ಲ ಸರ್, ಸೊಸೆ ಹತ್ತಿರದಲ್ಲಿದ್ದಾಗ ಅತ್ತೆಯನ್ನು ಕುರಿತ ನುಡಿಗಳನ್ನು ಬಿಟ್ಟು ಹಾಡುತ್ತಿದ್ದಳು" ಎನ್ನುತ್ತಾಳೆ. ನಾಲ್ಕುನೂರು ಪುಟಗಳಲ್ಲಿ ಎಲ್ಲಿಯೂ ಬಾರದ ಈ ಮಾತಿನಲ್ಲಿ ಪದಕ್ಕೂ ಹಾಡುಗಾರ್ತಿಗೂ ಇರುವ ಸಂಬಂಧವೇ ಅಡಗಿದೆ. ಆಕೆ ಅದನ್ನು ಬಲ್ಲಳು. ಬರೆಯತಕ್ಕ ವಿಷಯವೆಂದು ಮಾತ್ರ ತಿಳಿದಿರಲಿಲ್ಲ. ಅದನ್ನು ಹೊರತೆಗೆದದ್ದು ಒಂದು ಪ್ರಶ್ನೆ. ಅಂತಹ ಪ್ರಶ್ನೆಯನ್ನು ಕೇಳಬೇಕಾದರೆ ಪರೀಕ್ಷಕರು ಆ ಪುಟಗಳನ್ನು ಓದಿರಬೇಕು. ಓದದೆ ಕೊಟ್ಟ ಹೊಗಳಿಕೆಗಿಂತ ಓದಿ ಕೇಳಿದ ಕಠಿನ ಪ್ರಶ್ನೆಯೇ ಸಂಶೋಧಕನಿಗೆ ಸಲ್ಲುವ ನಿಜವಾದ ಮರ್ಯಾದೆ.

ಕಠಿನ ಪ್ರಶ್ನೆಯೆಂದ ಮಾತ್ರಕ್ಕೆ ಕಟುನುಡಿಯೆಂದು ಭಾವಿಸಬಾರದು. ಮಾರ್ಗದರ್ಶಕರ ಮೇಲಿನ ಹಗೆಯನ್ನು ಶಿಷ್ಯನ ಮೇಲೆ ತೀರಿಸಿಕೊಳ್ಳುವವರೂ, ಹಳ್ಳಿಯ ನುಡಿಯನ್ನಾಡಿದನೆಂದು ಅಭ್ಯರ್ಥಿಯನ್ನು ನೋಡಿ ನಗುವವರೂ ಇಲ್ಲದಿಲ್ಲ. ಅದು ಶಾಸ್ತ್ರಕಾರರು ಹೇಳಿದ ವಿತಂಡ. ಬಾಗಿಲು ತೆರೆದಿರಬೇಕೆಂಬ ನಿಯಮವು ಇಲ್ಲಿ ಅಭ್ಯರ್ಥಿಯ ರಕ್ಷಣೆಗೂ ಒದಗುತ್ತದೆ. ಹತ್ತು ಜನರ ಎದುರಿನಲ್ಲಿ ಅನ್ಯಾಯದ ಪ್ರಶ್ನೆಯೂ ನಾಚುತ್ತದೆ, ಅನರ್ಹನಿಗೆ ಸಲ್ಲುವ ಹೊಗಳಿಕೆಯೂ ನಾಚುತ್ತದೆ. ಆದುದರಿಂದ ಅಲ್ಲಿನ ಕುರ್ಚಿಗಳು ಖಾಲಿಯಿರುವುದು ಸಣ್ಣ ಕೊರತೆಯೆನಿಸದು.

ಕಾಲದ ವಿಷಯದಲ್ಲಿಯೂ ನಿಯಮವು ಸ್ಪಷ್ಟವಾಗಿದೆ. ಪ್ರಬಂಧ ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ, ಮೌಖಿಕ ಪರೀಕ್ಷೆಯ ಫಲಿತಾಂಶವೂ ಸೇರಿದಂತೆ, ಎಲ್ಲವೂ ಮುಗಿಯಬೇಕು. ವರದಿ ಬರೆಯಲು ತಡಮಾಡುವ ಪರೀಕ್ಷಕರಿಗೆ ಅದು ಮೇಜಿನ ಮೇಲಿನ ಒಂದು ಕಟ್ಟು. ಕಾಯುವವನಿಗೆ ಅಧ್ಯಾಪಕ ಹುದ್ದೆಯ ಅರ್ಜಿಯ ಕೊನೆಯ ದಿನಾಂಕ. ಎಲ್ಲ ಮುಗಿದು ಪದವಿ ಘೋಷಣೆಯಾಗುವುದಕ್ಕೆ ಮುನ್ನ ಪ್ರಬಂಧದ ವಿದ್ಯುನ್ಮಾನ ಪ್ರತಿಯು ಇನ್‌ಫ್ಲಿಬ್‌ನೆಟ್ ಸಂಸ್ಥೆಗೆ ಸಲ್ಲಬೇಕೆಂಬುದೂ ನಿಯಮವೇ. ಆ ಸಂಸ್ಥೆಯ ಶೋಧಗಂಗೆಯೆಂಬ ಭಂಡಾರದಲ್ಲಿ ಅದು ಲೋಕದ ಕಣ್ಣಿಗೆ ಬೀಳುತ್ತದೆ. ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಮುಂದೊಂದು ದಿನ ಯಾವನೋ ಓದುಗನು ಕೇಳಿಯೇ ಕೇಳುತ್ತಾನೆ. ಉತ್ತರ ಹೇಳಲು ಆಗ ಸಭೆಯೊಂದು ಸೇರಿರುವುದಿಲ್ಲ.

ನಿಯಮವು ಬಾಗಿಲನ್ನು ತೆರೆಯಬಲ್ಲದೇ ಹೊರತು ಒಳಗೆ ಕುಳಿತವರ ನಾಲಗೆಗೆ ಪ್ರಶ್ನೆಯನ್ನು ತಂದುಕೊಡಲಾರದು. ಅದು ಬರುವುದು ಅಭ್ಯಾಸದಿಂದ, ಆ ಅಭ್ಯಾಸ ಮೊದಲಾಗುವುದು ಹಳ್ಳಿಯ ಶಾಲೆಯ ಐದನೆಯ ತರಗತಿಯಲ್ಲಿ, ಹುಡುಗನೊಬ್ಬನು ಎದ್ದು "ಅದು ಹೇಗೆ ಗುರುಗಳೇ?" ಎಂದು ಕೇಳಿದಾಗ. ಅವನನ್ನು ಗದರಿಸಿ ಕೂಡಿಸಿದರೆ, ಮುಂದೆ ಅವನು ಮಹಾಪ್ರಬಂಧದ ಮುಂದೆ ನಿಂತಾಗಲೂ ಮೂಕನೇ, ಪರೀಕ್ಷಕನಾಗಿ ಕುಳಿತಾಗಲೂ ಮೂಕನೇ. ಅಧ್ಯಾಪಕರು ಅವನಿಗೆ ಉತ್ತರ ಹೇಳಲಿ. ತಿಳಿಯದಿದ್ದರೆ ನಾಳೆ ನೋಡಿಕೊಂಡು ಬಂದು ಹೇಳಲಿ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳಲ್ಲಿ ಹಳೆಯ ವಿದ್ಯಾರ್ಥಿಗಳು ಬಂದು ಕುಳಿತು, ತಾವು ಓದಿದುದನ್ನು ಕಿರಿಯರ ಪ್ರಶ್ನೆಗೆ ಒಡ್ಡಲಿ. ವಿಶ್ವವಿದ್ಯಾಲಯದ ಖಾಲಿ ಕುರ್ಚಿಗಳು ತುಂಬುವುದು ಅಂತಹ ಮಕ್ಕಳಿಂದ.